ಸೋಯಾ ಗಿಡಕ್ಕೆ ರಾತ್ರಿ

"ಮತ್ತ ಬರೇ ಎಲಿ." ಶಂಕರಲಿಂಗ ಸೊಂಟದೆತ್ತರದ ಸೋಯಾ ಗಿಡವನ್ನು ಕಿತ್ತೊಗೆಯುವವನಂತೆ ಅಲ್ಲಾಡಿಸಿದ.

ಸಾಲ್ಟ್ ಲೇಕ್ ಅಂಚಿನ ಈ ತುಂಡು ಹೊಲದಲ್ಲಿ ಧಾರವಾಡದ ಬೀಜ ಬೆಳೆದು ತೋರಿಸುವುದು ಅವನ ಕೆಲಸ. ಉತ್ತರಕ್ಕೆ ಹೋದಷ್ಟೂ ಮಳೆಗಾಲದ ಹಗಲು ಉದ್ದ, ಹೂ ತಡ. ಕಾಳು ತುಂಬುವ ಮೊದಲೇ ಚಳಿ ಬಂದು ಕೂರುತ್ತದೆ. ಅಷ್ಟು ಗೊತ್ತಿತ್ತು. ಆದರೆ ಸೆಪ್ಟೆಂಬರ್ ಬಂದರೂ ಒಂದು ಮೊಗ್ಗಿಲ್ಲವೆಂದರೆ? ದುರ್ಗಾಪೂಜೆಗೆ ಮುಂಚೆ ಬರುವ ಬೀಜದ ಕಂಪನಿಯವರು ಹೂ ಕಾಣದಿದ್ದರೆ ಹೊಲವನ್ನೂ ಅವನನ್ನೂ ಒಟ್ಟಿಗೇ ಕೈಬಿಡುವವರಿದ್ದರು.

ನೀರಿನ ಟ್ಯಾಂಕಿನ ಹಿಂದೆ ಮಾತ್ರ ಎರಡು ಗಿಡ ಹೂ ಬಿಟ್ಟಿದ್ದವು. ಅವನು ತಲೆಯೆತ್ತಿದ. ಗೋಡೆಯಾಚೆ ಸೆಕ್ಟರ್ ಫೈವ್‌ನ ಹೊಸ ಗಾಜಿನ ಕಟ್ಟಡದ ಹಾಳು ದೀಪಗಳು ಹೊತ್ತಿಕೊಂಡವು. ಇನ್ನು ಬೆಳಗಿನವರೆಗೆ ಆರುವುದಿಲ್ಲ. ಟ್ಯಾಂಕಿನ ನೆರಳಿದ್ದದ್ದು ಆ ಎರಡು ಗಿಡಗಳ ಮೇಲಷ್ಟೇ.

ಮಗಳು ಶೋಭನಾಳಿಗೆ ಅದೇ ಕಟ್ಟಡದ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ. ಹೊಲದ ಪಕ್ಕದ ಮನೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು.

"ನಿಮ್ಮ ಆಫೀಸಿನ ಲೈಟ್ ಆರಸ್ಲಿಕ್ಕೆ ಹೇಳವಾ. ಕತ್ತಲಿ ಸಿಗದ ಗಿಡ ಹೂ ಬಿಡವಲ್ದು."

"ಅಪ್ಪಾ, ಅಮೆರಿಕಾದಾಗ ಈಗ ಡೇ ಟೈಮ್. ಯಾರ್ ಆರಸ್ತಾರ?"

"ಅವರಿಗೆ ಹಗಲಾದ್ರ ನನ್ನ ಹೊಲಕ್ಕೂ ಹಗಲೇನು?"

"ನನಗೂ ಹಗಲ ಅಲ್ಲಾ?" ನಗುತ್ತಲೇ ಅವಳು ಹಾರ್ನ್ ಹೊಡೆದ ಕ್ಯಾಬಿಗೆ ಓಡಿದಳು. ಕಣ್ಣ ಕೆಳಗೆ ಕಾಡಿಗೆ ಇಳಿದಂತೆ ಕಪ್ಪಗಿತ್ತು.

ಶಂಕರಲಿಂಗ ಪೂಜಾ ಪೆಂಡಾಲಿನವರಿಂದ ಸೊಂಟದೆತ್ತರದ ಬಿದಿರು, ದಪ್ಪ ಕಪ್ಪು ಬಟ್ಟೆ ಹೊತ್ತು ತಂದ.

"ದಾದಾ, ಇಷ್ಟು ಗಿಡ್ಡ ಪೆಂಡಾಲು ಯಾವ ದೇವಿಗೆ?" ಅವರು ಹಿಂದಿಯಲ್ಲಿ ಕಾಲೆಳೆದರು. ಅವನು ಹಲ್ಲು ಕಚ್ಚಿಕೊಂಡು ಬಂದ.

ಸಂಜೆ ಗಿಡಗಳಿಗೆ ಬಟ್ಟೆ ಹೊದಿಸುವುದು, ಬೆಳಗ್ಗೆ ತೆಗೆಯುವುದು. "ಜೋಗುಳಾ ಒಂದ ಹಾಡೂದು ಉಳದೈತಿ ನೋಡ್," ಎಂದು ಶೋಭನಾ ಅಣಕಿಸುತ್ತಿದ್ದಳು.

ಮೂರನೆಯ ವಾರ ಒಂದು ಬೆಳಗ್ಗೆ ಬಟ್ಟೆ ಎತ್ತಿದರೆ, ಎಲೆಯ ಬುಡಬುಡದಲ್ಲೂ ನೇರಳೆ ಚುಕ್ಕಿ. ಬಟ್ಟೆ ಹಿಡಿದೇ ಅವನು ಮನೆಯೊಳಗೆ ಓಡಿದ.

ಶೋಭನಾ ಆಗಷ್ಟೇ ಪಾಳಿ ಮುಗಿಸಿ ಬಂದು ಬಿದ್ದುಕೊಂಡಿದ್ದಳು. ಕೊರಳಲ್ಲಿ ಆಫೀಸಿನ ಕಾರ್ಡು ಹಾಗೇ ಇತ್ತು, ಕಣ್ಣ ಮೇಲೆ ಮೊಣಕೈ.

"ಹೂ ಬಂತೇನಪಾ?"

"ಬಂತವಾ. ಎಲ್ಲಾ ಸಾಲೂ."

"ಛಲೋ ಆತು. ಸ್ವಲ್ಪ ಕಿಟಕಿ ಕಡೆ ನಿಂದರು. ಬಿಸಲ ಬಡೀತೈತಿ."

ಅವನು ನಿಂತ. ಅವನ ನೆರಳು ಅವಳ ಮುಖದ ಅರ್ಧಕ್ಕೆ ಮಾತ್ರ ಸಾಕಾಯಿತು.

ಬಟ್ಟೆಯ ಇಬ್ಬನಿ ಕೊಡವಿ, ಕಿಟಕಿಯ ಸರಳುಗಳಿಗೆ ಕಟ್ಟತೊಡಗಿದ. ಸಂಜೆ ಬೇಗ ಬಿಚ್ಚಲು ಬರಲೆಂದು ಜಾರುಗಂಟು ಹಾಕಿದ. ಕೋಣೆ ಕತ್ತಲಾಯಿತು. ಶೋಭನಾಳ ಕೈ ಕಣ್ಣ ಮೇಲಿಂದ ಮೆಲ್ಲಗೆ ಜಾರಿ ಹಾಸಿಗೆಯ ಮೇಲೆ ಬಿತ್ತು.