ಬೀರಪ್ಪನ ಹುಕ್ಕು

ಮೊದಲ ಕಲ್ಲು ಆಂಬ್ಯುಲೆನ್ಸಿನ ಗಾಜಿಗೆ ಬಿತ್ತು, ಎರಡನೆಯದು ಡ್ರೈವರನ ಹೆಗಲಿಗೆ. ಅವನು ಗಾಡಿಯನ್ನು ಅಲ್ಲೇ ಬಿಟ್ಟು ಇಳಿದು ಮಾರ್ಕೆಟ್ ಯಾರ್ಡಿನ ಗೋಡೆಗುಂಟ ಓಡಿದ. ಹಿಂದಿನ ಬಾಗಿಲು ತೆರೆದು ಪ್ರಭಾವತಿ ಇಳಿದಳು. ಮೂರನೆಯ ಕಲ್ಲು ಅವಳ ಕಿವಿಯ ಪಕ್ಕದಿಂದ ಹಾದು ಒಳಗೆ ಮಲಗಿದ್ದ ಅವಳ ಗಂಡನಿಗೆ ತಗುಲಿತು. ತುಂಬಿದ ಚೀಲಕ್ಕೆ ಗುದ್ದಿದಂಥ ಸಪ್ಪಳವಾಯಿತು. ಅದನ್ನು ಕೇಳಿ ಗುಂಪಿನಲ್ಲಿ ಯಾರೋ ನಕ್ಕರು.

ಹಮಾಲರ ಸ್ಮಶಾನದ ಗೇಟಿಗೆ ಅಡ್ಡಲಾಗಿ ಕೈಗಾಡಿಯೊಂದನ್ನು ನಿಲ್ಲಿಸಿದ್ದರು. ಅದರ ಮೇಲೆ ಕೈಯಲ್ಲಿ ಇನ್ನೊಂದು ಕಲ್ಲು ಹಿಡಿದು ಶಿದ್ದಪ್ಪ ನಿಂತಿದ್ದ. ಅವನ ಹಿಂದೆ ಅಮರಗೋಳದ ಯಾರ್ಡಿನ ಅರ್ಧದಷ್ಟು ಹಮಾಲರು ಇದ್ದರು. ಅವರ ಮುಖಂಡ, ಮುಕಾದಂ ಅರ್ಜುನಪ್ಪ ಮಾತ್ರ ಗೇಟಿನ ಪಕ್ಕದ ಬೇವಿನ ಬುಡದಲ್ಲಿ ಕೂತಿದ್ದ. ಅವನು ಕಲ್ಲು ಎತ್ತಿಕೊಂಡಿರಲಿಲ್ಲ. ಅವನ ನಡುವಿನಲ್ಲಿ, ಅಂಗಿಯ ಕೆಳಗೆ, ಚೀಲ ಎತ್ತುವ ಕಬ್ಬಿಣದ ಹುಕ್ಕೊಂದು ಇತ್ತು.

ಹುಕ್ಕು ಆಂಬ್ಯುಲೆನ್ಸಿನಲ್ಲಿ ಮಲಗಿದ್ದ ಬೀರಪ್ಪನದು. ಅದು ಅರ್ಜುನಪ್ಪನ ಮನೆಯ ಜಂತಿಗೆ ತೂಗುಬಿದ್ದು ಹತ್ತು ಹನ್ನೆರಡು ವರ್ಷವಾಗಿತ್ತು. ಅಮಾವಾಸ್ಯೆಗೊಮ್ಮೆ ಅದನ್ನು ಇಳಿಸಿ ಮೊನೆಯನ್ನು ಕಲ್ಲಿಗೆ ಮಸೆಯುತ್ತಿದ್ದ. ಯಾಕೆಂದು ಹೆಂಡತಿ ಕೇಳಿದರೆ, "ಜಂಗ ತಿಂತೈತಿ," ಎಂದು ತುಕ್ಕಿನ ನೆಪ ಹೇಳುತ್ತಿದ್ದ. ಖರೇ ಕಾರಣ ಅವನಿಗೊಬ್ಬನಿಗೇ ಗೊತ್ತಿತ್ತು. ಒಮ್ಮೆ, ಒಂದೇ ಒಂದು ಸಲ, ಅದನ್ನು ಬೀರಪ್ಪನ ಮೈಯಲ್ಲಿ ಇಳಿಸಬೇಕಿತ್ತು. ಅಷ್ಟರೊಳಗೆ ಬೇರೆ ಯಾರೋ ಬೈಪಾಸಿನ ಧಾಬಾದ ಮುಂದೆ ಮಚ್ಚುಗಳಿಂದ ಅವನನ್ನು ಮುಗಿಸಿದ್ದರು. ಸುದ್ದಿ ಕೇಳಿದಾಗ ಅರ್ಜುನಪ್ಪನಿಗೆ ತನ್ನದೇನೋ ಕಳವಾದಂತೆ ಆಗಿತ್ತು. ಬದುಕಿದ್ದ ಮೈಯಲ್ಲಿ ಆಗಲಿಲ್ಲ. ಸತ್ತದ್ದರಲ್ಲಾದರೂ ಆಗಲಿ ಎಂದು ಇಲ್ಲಿ ಬಂದು ಕೂತಿದ್ದ.

"ಕಾಕಾ, ನೀವು ಮುಕಾದಂ. ಒಂದು ಮಾತ ಹೇಳಿಬಿಡ್ರಿ," ಎಂದ ಶಿದ್ದಪ್ಪ. "ಹಿರೇರು ಕೂಲಿ ಕೂಡಿಸಿ ಹಿಡದ ಜಾಗಾ ಇದು. ಮೈ ಮುರದು ದುಡದವರು ಮಲಗ್ಯಾರ ಇಲ್ಲಿ. ಇಂಥಾವನ್ನ ತಂದು ನಡುವ ಇಟ್ರ ನಮ್ಮಪ್ಪ ಎದ್ದು ಹೊರಗ ಬರ್ತಾನ."

"ನಿಮ್ಮಪ್ಪ ಏಳೂದಿಲ್ಲ ಬಿಡಲೇ," ಎಂದ ಹಿಂದಿನಿಂದ ಒಬ್ಬ. "ಇದ್ದಾಗನ ಹೊತ್ತು ನೆತ್ತಿಗೆ ಬಂದ ಮ್ಯಾಲೆ ಏಳ್ತಿದ್ದ."

ನಗೆ ಅಡಗಿತು. ಪ್ರಭಾವತಿ ಕೇಳಿದಳು: "ಹಂಗಾರ ಎಲ್ಲಿ ಒಯ್ಲಿರಿ?"

"ಕಾರ್ಪೊರೇಶನ್ನಿಗೆ ಕೊಡು. ವಾರಸದಾರ ಇಲ್ಲದ ಹೆಣಾ ಅವರು ನೋಡ್ಕೋತಾರ," ಎಂದ ಶಿದ್ದಪ್ಪ.

"ವಾರಸದಾರ ನಾ ಇದ್ದೇನಲ್ರಿ."

"ಹಂಗಾರ ನಿನ್ನ ಮನ್ಯಾಗ ಹುಗಿ."

* * *

ಹಮಾಲರಲ್ಲಿ ಜೋಡಿ ಎಂದರೆ ಒಂದು ಚೀಲದ ಎರಡು ತುದಿ. ಇಬ್ಬರೂ ಒಂದೇ ಕ್ಷಣಕ್ಕೆ ಹುಕ್ಕು ಹಾಕಬೇಕು, ಒಂದೇ ಉಸಿರಿಗೆ ಎತ್ತಬೇಕು, ಮೂರನೆಯವನ ಬೆನ್ನ ಮೇಲೆ ಹೂವಿನಂತೆ ಇಳಿಸಬೇಕು. ಅರ್ಜುನಪ್ಪ "ಹೂಂ" ಎನ್ನುತ್ತಿದ್ದ. ಆ ದನಿ ಗಂಟಲು ದಾಟುವ ಮೊದಲೇ ಬೀರಪ್ಪ ಎತ್ತಿರುತ್ತಿದ್ದ. ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿಯಲ್ಲಿ, ಇಡೀ ಯಾರ್ಡು ಕೆಮ್ಮುವ ದಿನಗಳಲ್ಲಿ, ಅವರಿಬ್ಬರೂ ಒಂದೇ ವಸ್ತ್ರವನ್ನು ಹರಿದು ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು.

ಹಮಾಲ ಸತ್ತರೆ ಅವನನ್ನು ಗಾಡಿಯಲ್ಲಿ ತರುವುದಿಲ್ಲ. ಜೀವಮಾನವೆಲ್ಲ ಹೊತ್ತವನನ್ನು ಹೆಗಲ ಮೇಲೆಯೇ ತರಬೇಕು. ಅವನ ಹುಕ್ಕನ್ನು ಮಣ್ಣಿನ ಹೊತ್ತಿನವರೆಗೆ ಗೇಟಿನ ಬೇವಿಗೆ ತೂಗುಹಾಕುತ್ತಾರೆ. ಆಮೇಲೆ ಅವನ ಜೋಡಿದಾರ ಕುಣಿಯೊಳಗೆ ಇಳಿದು ಅದನ್ನು ಬಲಗೈಯಲ್ಲಿ ಇಡುತ್ತಾನೆ. ಹುಕ್ಕಿಲ್ಲದೆ ಹೋದವನು ಹಮಾಲನೇ ಅಲ್ಲ. ಹಿರಿಯನೊಬ್ಬನ ಮಣ್ಣಿಗೆ ಬಂದಾಗ ಇದೇ ಬೇವಿನ ಕೆಳಗೆ ಬೀರಪ್ಪ ಕೇಳಿದ್ದ: "ನಂದು ನೀ ಇಡಬೇಕಲೇ. ಮರತಿ ಗಿರತಿ."

"ನೀ ಮೊದಲ ಸಾಯಿ, ನೋಡೂಣಂತ," ಎಂದಿದ್ದ ಅರ್ಜುನಪ್ಪ.

ಆಮೇಲೆ ವ್ಯಾಪಾರಿಯೊಬ್ಬ ಇನ್ನೊಬ್ಬನ ಗೋದಾಮು ಖಾಲಿ ಮಾಡಿಸಲು ಬೀರಪ್ಪನನ್ನು ಕರೆದ. ಹೊಡೆಯುವುದೂ ಬೇಕಾಗಲಿಲ್ಲ, ಹುಕ್ಕು ಹಿಡಿದು ಬಾಗಿಲಲ್ಲಿ ನಿಂತದ್ದೇ ಸಾಕಾಯಿತು. ಒಳಗಿದ್ದವರು ಮಾತು ನಿಲ್ಲಿಸಿದರು. ತಾನು ಬಂದಾಗ ಬೀಳುವ ಆ ಮೌನದ ರುಚಿ ಬೀರಪ್ಪನಿಗೆ ಅವತ್ತು ಹತ್ತಿತು. ಮುಂದೆ ಅದು ಬೀಳದ ಕಡೆ ಬೀಳಿಸುತ್ತ ಹೋದ. ಒಬ್ಬನ ಮೊಣಕಾಲು ಒಡೆದ, ಇನ್ನೊಬ್ಬನನ್ನು ಹಳಿಯ ಮೇಲೆ ಮಲಗಿಸಿ ರೈಲಿನ ಕೂಗು ಕೇಳುವವರೆಗೆ ಹಿಡಿದುಕೊಂಡು ಕೂತ. ಮನೆಯಲ್ಲಿ ಪ್ರಭಾವತಿಯ ಬಳೆಗಳು ಸಪ್ಪಳ ಮಾಡುತ್ತವೆಂದು ಅವಳ ಕೈಯನ್ನೇ ಮುರಿದ.

* * *

ಆ ಕೈ ನೆಟ್ಟಗೆ ಕೂಡಿರಲಿಲ್ಲ. ಪ್ರಭಾವತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬೇವಿನ ಹತ್ತಿರ ಬಂದಳು.

"ಅಣ್ಣಾರ, ಬೆಳಿಗ್ಗೆ ಜೆಸಿಬಿದಾವ ಕುಣಿ ತೋಡಿ ಹೋಗ್ಯಾನ. ನಮ್ಮಣ್ಣ ಬರ್ತೀನಂದಾವ ಫೋನ್ ಬಂದ್ ಮಾಡ್ಯಾನ. ನಿಮ್ಮನ್ನ ಬಿಟ್ರ ಯಾರನ್ನ ಕೇಳಲಿ?"

"ನನ್ನ ಕೇಳಾಕ ನಿನಗ ನಾಚಿಕಿ ಬರಬೇಕವಾ," ಎಂದ ಅರ್ಜುನಪ್ಪ. ತನ್ನ ಎಡಗೈ ಮುಂದೆ ಹಿಡಿದ. ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಉಳಿದದ್ದೆಲ್ಲ ಮೊಂಡು.

ಅವಳು ನೋಟ ತಪ್ಪಿಸಲಿಲ್ಲ. "ಬರ್ತೈತ್ರಿ. ಆದ್ರೂ ಕೇಳ್ತೇನಿ. ಅವನ ಮರ್ಯಾದಿಗೆ ಅಲ್ರಿ. ಮನ್ಯಾಗ ಮಗಳದಾಳ. ಬಾಗಲಾ ಬಡದ್ರ ಸಾಕು, ಇವತ್ತಿಗೂ ಹಾಸಿಗಿ ಒದ್ದಿ ಮಾಡ್ಕೋತಾಳ. ಕಾಲೇಜಿಗೆ ಹೋಗೂ ಹುಡುಗಿ. ಎಲ್ಲೋ ಒಯ್ದು ಸುಟ್ರು ಅಂದ್ರ ಆಕಿ ನಂಬೂದಿಲ್ಲ. ಜೇಲಿನಿಂದ ಬಂದಂಗ ಬರ್ತಾನ ಅಂತಾಳ. ಇಲ್ಲಿ ಇಟ್ಟೇನಿ, ಈ ಕೈಲೆ ಮಣ್ಣು ಹಾಕೇನಿ ಅಂತ ನಾ ಆಕಿಗೆ ತೋರಸಬೇಕ್ರಿ."

ಶಿದ್ದಪ್ಪ ಕೈಗಾಡಿಯ ಮೇಲಿಂದಲೇ ಕೂಗಿದ: "ಕಾಕಾ, ಅಳ್ತಾಳಂತ ಕರಗಬ್ಯಾಡ್ರಿ. ವಸೀಮನ್ನ ನೆನಸ್ಕೋರಿ."

ಅವಳು ಅತ್ತಿರಲಿಲ್ಲ. ವಸೀಮನನ್ನು ಶಿದ್ದಪ್ಪ ನೆನಪಿಸಬೇಕಾಗಿಯೂ ಇರಲಿಲ್ಲ.

* * *

ಯಾರ್ಡಿನ ಬಾಗಿಲಲ್ಲಿ ಅಬೀದಾಳ ಚಹಾದ ಅಂಗಡಿ. ಅವಳ ಮಗ ವಸೀಮ ವರ್ಷಗಳ ಹಿಂದಿನ ಆ ಮಧ್ಯಾಹ್ನ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಯಾರದೋ ಮಾತಿಗೆ ನಗುತ್ತಿದ್ದ. ಬೀರಪ್ಪ ಬಂದ. ಎಲ್ಲರ ಮಾತು ನಿಂತಿತು. ವಸೀಮನ ನಗು ನಿಲ್ಲಲಿಲ್ಲ. ಅವನು ನೋಡಿಯೇ ಇರಲಿಲ್ಲ.

ಹುಕ್ಕು ಅವನ ಕುತ್ತಿಗೆಯಲ್ಲಿ ಇಳಿದಾಗಲೂ ಫೋನು ಕಿವಿಯಲ್ಲೇ ಇತ್ತು. ಕುದಿಯುವ ಚಹಾದ ಪಾತ್ರೆಯ ಮೇಲೆ ಬಿದ್ದ. ಬೀರಪ್ಪ ಎರಡನೆಯ ಸಲ ಎತ್ತಿದಾಗ ಅಲ್ಲೇ ಕೂತಿದ್ದ ಅರ್ಜುನಪ್ಪ ಕೈ ಅಡ್ಡ ಹಿಡಿದ. ಮೊನೆ ಅಂಗೈಯನ್ನು ತೂರಿ ಹೊರಬಂತು. ಬೀರಪ್ಪ ಜಗ್ಗಿದ, ಬರಲಿಲ್ಲ. ಹುಕ್ಕಿನ ಸಮೇತ ಅರ್ಜುನಪ್ಪನನ್ನು ಚೀಲ ಎಳೆದಂತೆ ರಸ್ತೆಯವರೆಗೆ ಎಳೆದ. ಆಮೇಲೆ ಹಿಡಿಕೆ ಬಿಟ್ಟು, ಗುರುತು ಹಿಡಿದವನಂತೆ ಒಂದು ಕ್ಷಣ ನೋಡಿದ.

"ನಿನಗ ಕೈ ಹಾಕಂತ ಯಾಂವ ಹೇಳಿದ್ದಲೇ," ಎಂದ. ಬೇಸರದ ದನಿಯಲ್ಲಿ.

ಕೈ ಕೊಳೆತು ಮೂರು ಬೆರಳು ಹೋದವು. ಕೋರ್ಟಿನಲ್ಲಿ ಅಬೀದಾ ಹೇಳಿದಳು, ಅರ್ಜುನಪ್ಪ ಹೇಳಿದ. ಉಳಿದ ಹಮಾಲರೆಲ್ಲ ಆ ಹೊತ್ತಿಗೆ ಉಚ್ಚೆ ಹೊಯ್ಯಲು ಹೋಗಿದ್ದರಂತೆ. ಶಿದ್ದಪ್ಪ ಸಹ. ಕೇಸು ಬಿದ್ದುಹೋಗಿ ಬೀರಪ್ಪ ಹೊರಗೆ ಬಂದ. ಕೋರ್ಟಿನ ಮೂಲೆಯಲ್ಲಿ ಬಿದ್ದಿದ್ದ ಹುಕ್ಕನ್ನು ತನ್ನದೆಂದು ಹೇಳಿ ಅರ್ಜುನಪ್ಪ ಬಿಡಿಸಿಕೊಂಡು ತಂದ.

* * *

"ಅಬೀದಾಬಿ ಬಂದ್ಲು. ಆಕಿನ್ನ ಕೇಳೂಣ," ಎಂದರು ಯಾರೋ.

ಅಬೀದಾ ಕೈಯಲ್ಲಿ ಚಹಾದ ಕೆಟಲಿ ಹಿಡಿದೇ ಬಂದಿದ್ದಳು. ಮುದುಕಿ ಆಂಬ್ಯುಲೆನ್ಸಿನ ಬಾಗಿಲಲ್ಲಿ ಇಣುಕಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಸ್ವಲ್ಪ ಹೊತ್ತು ನೋಡಿದಳು.

"ನೀನ ಹೇಳವಾ," ಎಂದ ಶಿದ್ದಪ್ಪ. "ಇವಗ ಇಲ್ಲಿ ಜಾಗಾ ಕೊಡಬೇಕೇನು?"

"ಕಲ್ಲು ಛಲೋ ಒಗೀತಿಯೋ ಶಿದ್ದಪ್ಪ," ಎಂದಳು ಅಬೀದಾ. "ಇವತ್ತು ಉಚ್ಚಿ ಬಂದಿಲ್ಲೇನು ಯಾರಿಗೂ?"

ಶಿದ್ದಪ್ಪನ ಕೈಯ ಕಲ್ಲು ಅಲ್ಲೇ ಉಳಿಯಿತು.

"ನನ್ನ ಮಗಂದು ಒಂದು ಗೋರಿ ಐತಿ. ಇವಂದೂ ಒಂದು ಇರಲಿ," ಎಂದಳು ಅವಳು. "ನಾ ಉಗುಳಬೇಕಂದ್ರ ಎಲ್ಲಿಗೆ ಹೋಗ್ಲಿ? ಗಾಳಿಗೆ ಉಗುಳ್ಲೇನು?"

ಅರ್ಜುನಪ್ಪ ಎದ್ದ. "ಗಾಡಿ ಸರಸ್ರಲೇ."

"ಇಟ್ರ ಇಡ್ರಿ ಕಾಕಾ," ಎಂದ ಶಿದ್ದಪ್ಪ ಇಳಿಯುತ್ತ. "ಆದ್ರ ಹೆಗಲ ನಾವು ಕೊಡೂದಿಲ್ಲ. ಮಣ್ಣೂ ಹಾಕೂದಿಲ್ಲ. ಹುಕ್ಕಂತೂ ಇಡಗೊಡೂದಿಲ್ಲ."

"ಹುಕ್ಕ ಇಡ್ತೇನಿ ಅಂತ ನಿನಗ ಯಾರು ಹೇಳಿದ್ರು?"

ಹೆಗಲಿಲ್ಲದ್ದಕ್ಕೆ ಅದೇ ಕೈಗಾಡಿ ಆಯಿತು. ಅರ್ಜುನಪ್ಪ, ಪ್ರಭಾವತಿ ಸೇರಿ ಹೆಣವನ್ನು ಅದರ ಮೇಲೆ ಎಳೆದುಕೊಂಡು ಒಳಗೆ ನೂಕಿದರು. ಗುಂಪು ಗೋಡೆಯಾಚೆ ನಿಂತು ನೋಡಿತು. ಜೆಸಿಬಿ ತೋಡಿದ ಕುಣಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಅದರ ಅಂಚಿಗೆ ಮನುಷ್ಯರ ಕೈ ತಗುಲಿರಲಿಲ್ಲ. ಹಲ್ಲು ಎಳೆದ ಗೀರುಗಳಷ್ಟೇ ಇದ್ದವು.

"ಮಾರಿ ನೋಡಬೇಕು ನಾ," ಎಂದ ಅರ್ಜುನಪ್ಪ. ಅಂಗಿಯ ಕೆಳಗಿನಿಂದ ಹುಕ್ಕು ತೆಗೆದ.

ಪ್ರಭಾವತಿ ಅದರ ಮೊನೆಯನ್ನು ನೋಡಿದಳು. ಮಸೆದು ಮಸೆದು ಅದು ಬೆಳ್ಳಗಾಗಿತ್ತು. "ಹಾಕೂದಿದ್ರ ಹಾಕ್ರಿ ಅಣ್ಣಾರ," ಎಂದಳು. "ನಾ ಆ ಕಡೆ ನೋಡ್ತೇನಿ." ಹಾಗೆಯೇ ತಿರುಗಿ ನಿಂತಳು.

ಅವನು ಬಟ್ಟೆ ಸರಿಸಿದ. ಮುಖವನ್ನು ಅಡ್ಡಡ್ಡ ಸೀಳಿದ್ದರು. ದವಾಖಾನೆಯವರು ದಪ್ಪ ದಾರದಿಂದ, ಚೀಲದ ಬಾಯಿ ಹೊಲಿದಂತೆ ಹೊಲಿದಿದ್ದರು. ಕುತ್ತಿಗೆ ನೋಡಿದ, ಅಲ್ಲಿ ಆಗಿತ್ತು. ಎದೆ ನೋಡಿದ, ಅಲ್ಲೂ ಆಗಿತ್ತು. ಹೊಟ್ಟೆಯ ಮೇಲೆ ಒಂದು ಗೇಣು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಅವನಿಗಿಂತ ಮೊದಲು ಯಾರೋ ಬಂದು ಹೋಗಿದ್ದರು. ಬಟ್ಟೆಯನ್ನು ಇನ್ನಷ್ಟು ಸರಿಸಿ, ಹೆಣವನ್ನು ಮಗ್ಗುಲಿಗೆ ಹೊರಳಿಸಿದ. ಬೆನ್ನ ಮೇಲ್ಭಾಗದಲ್ಲಿ, ಕುತ್ತಿಗೆಯ ಬುಡಕ್ಕೆ, ಚೀಲ ಹೊತ್ತು ಹೊತ್ತು ಆದ ಗಡ್ಡೆ ಮಾತ್ರ ಪೆಟ್ಟು ಬೀಳದೆ ಉಳಿದಿತ್ತು. ಕರ್ರಗೆ, ಗಟ್ಟಿಯಾಗಿ, ಅಂಗೈ ಅಗಲ.

ಹುಕ್ಕು ಎತ್ತಿದ. ಅರ್ಜುನಪ್ಪನ ಬೆನ್ನಿಗೂ, ಅದೇ ಜಾಗದಲ್ಲಿ, ಅಂಗಿಯನ್ನು ಎತ್ತಿ ಹಿಡಿಯುವಂಥ ಗಡ್ಡೆಯೊಂದಿತ್ತು. ಅದು ಬಿಸಿಲಿಗೆ ತುರಿಸತೊಡಗಿತು. ಎತ್ತಿದ ಕೈ ಅಲ್ಲೇ ನಿಂತಿತು. ಎಷ್ಟೋ ಹೊತ್ತಾದ ಮೇಲೆ ಪ್ರಭಾವತಿ ಕೇಳಿದಳು: "ಆತೇನ್ರಿ?"

"ಕಾಲಿನ ಕಡೆ ಹಿಡಿ," ಎಂದ ಅವನು.

ಬಟ್ಟೆಯ ಎರಡು ಚುಂಗನ್ನು ಹಿಡಿಯಲು ಎಡಗೈ ಬರಲಿಲ್ಲ. ಎರಡು ಬೆರಳಿನಿಂದ ಜಾರಿ ಜಾರಿ ಹೋಯಿತು. ಕೊನೆಗೆ ಹಲ್ಲಿನಿಂದ ಕಚ್ಚಿ ಚುಂಗುಗಳನ್ನು ತಲೆಯ ಹತ್ತಿರ ಗಂಟು ಹಾಕಿದ. ಬಲಗೈಯ ಹುಕ್ಕನ್ನು ಆ ಗಂಟಿನಲ್ಲಿ ಸಿಕ್ಕಿಸಿದ. ಅದು ಒಂದೇ ಸಲಕ್ಕೆ, ಚೀಲಕ್ಕೆ ಕೂತಂತೆ ಕೂತಿತು.

"ಹೂಂ," ಎಂದ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

ಪ್ರಭಾವತಿಗೆ ಆ ಸನ್ನೆ ತಿಳಿಯದು. ಅವಳು ಎತ್ತುವಷ್ಟರಲ್ಲಿ ತಡವಾಯಿತು. ತಲೆಯ ಕಡೆ ಮೇಲೆದ್ದ ಭಾರ ವಾಲಿ, ಹೆಣ ತಲೆ ಮುಂದಾಗಿ ಕುಣಿಯೊಳಗೆ ಜಾರಿತು. ಅರ್ಜುನಪ್ಪ ಮೊಣಕಾಲ ಮೇಲೆ ಕುಸಿದ. ಹಿಡಿಕೆ ಅವನ ಕೈಯಿಂದ ಹೋಯಿತು. ಕೆಳಗೆ ಧಪ್ಪೆಂದಿತು. ಧೂಳು ಇಳಿದ ಮೇಲೆ ನೋಡಿದರೆ ಬೀರಪ್ಪ ಮಗ್ಗುಲಾಗಿ ಬಿದ್ದಿದ್ದ. ಗಂಟಿಗೆ ಸಿಕ್ಕಿದ್ದ ಹುಕ್ಕು ಅವನ ಎದೆಯ ಹತ್ತಿರ ಬಿದ್ದಿತ್ತು.

"ಕಾಕಾ," ಎಂದ ಶಿದ್ದಪ್ಪ ಗೋಡೆಯ ಮೇಲಿಂದ. "ಹುಕ್ಕ ಒಳಗ ಬಿತ್ತು. ತಗೀರಿ ಅದನ್ನ."

ಅರ್ಜುನಪ್ಪ ಕೆಳಗೆ ನೋಡುತ್ತ ಕೂತ.

"ತಗೀರಿ ಕಾಕಾ. ನಮ್ಮ ರಿವಾಜು ಅಲ್ಲದು."

ಅವನು ಏಳಲಿಲ್ಲ, ಇಳಿಯಲಿಲ್ಲ. ಅಬೀದಾ ಕೆಟಲಿಯನ್ನು ನೆಲಕ್ಕಿಟ್ಟು ಕುಣಿಯ ಅಂಚಿಗೆ ಬಂದಳು. ಬಾಯಿ ತುಂಬ ಉಗುಳಿದಳು. ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಅದರ ಮೇಲೆ ಹಾಕಿದಳು. ಪ್ರಭಾವತಿ ಕಾಯಲಿಲ್ಲ. ಸೊಟ್ಟ ಕೈಯನ್ನೂ ನೆಟ್ಟಗಿನ ಕೈಯನ್ನೂ ಸೇರಿಸಿ, ನಾಯಿ ನೆಲ ಕೆದರಿದಂತೆ, ಗುಡ್ಡೆಯನ್ನು ಒಳಗೆ ದೂಡತೊಡಗಿದಳು. ಮಣ್ಣು ಮೊದಲು ಹೊಲಿದ ಮುಖವನ್ನು ಮುಚ್ಚಿತು, ಆಮೇಲೆ ಹುಕ್ಕಿನ ಹಿಡಿಕೆಯನ್ನು. ಕುಣಿ ತುಂಬಿದ ಮೇಲೆ ಅವಳು ಅದರ ಮೇಲೆ ಹತ್ತಿ ನಿಂತು ತುಳಿದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಕಣದ ನೆಲ ಹದ ಮಾಡಿದಂತೆ ತುಳಿದಳು. ಕೊನೆಗೆ ಸೆರಗಿನ ಚುಂಗಿನಲ್ಲಿ ಒಂದು ಹಿಡಿ ಮಣ್ಣು ಕಟ್ಟಿಕೊಂಡು, ಯಾರಿಗೂ ಹೇಳದೆ, ಮಗಳಿದ್ದ ಮನೆಯ ಕಡೆ ನಡೆದಳು.

ಗೋಡೆಯಾಚೆ ಒಬ್ಬೊಬ್ಬರೇ ಕರಗಿದರು. ಈರುಳ್ಳಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

ಅಬೀದಾ ಕೆಟಲಿಯಿಂದ ಗ್ಲಾಸಿಗೆ ಚಹಾ ಬಗ್ಗಿಸಿ ಅರ್ಜುನಪ್ಪನ ಮುಂದೆ ಹಿಡಿದಳು. "ತಗೋ ಅಣ್ಣ."

ಅವನು ಬಲಗೈ ಚಾಚಿದ. ಕುಣಿಗೆ ಹೋದ ಹುಕ್ಕಿನ ಹಿಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದಂತೆ ಐದೂ ಬೆರಳು ಮಡಚಿಕೊಂಡಿದ್ದವು. ಎಡಗೈಯ ಮೊಂಡಿನಿಂದ ಅವನ್ನು ಬಿಡಿಸಲು ನೋಡಿದ; ಬಿಚ್ಚಲಿಲ್ಲ. ಅಬೀದಾ ಆರುತ್ತಿದ್ದ ಚಹಾ ಹಿಡಿದುಕೊಂಡು ಅಲ್ಲೇ ನಿಂತಳು.