ಅಳಿಯನ ತಟ್ಟೆಗೆ ಮೆಕ್ಕೆಜೋಳ

ಬಲಿಪಾಡ್ಯಮಿಯ ಸಂಜೆ ಆರೂವರೆ. ಕೊಟ್ಟೂರು ಕಡೆಯ ಅರಸೀಕೆರೆಯ ಮರುಳಪ್ಪನ ಮನೆಯಲ್ಲಿ ಹೊಸ ಅಳಿಯನ ಮೊದಲ ದೀಪಾವಳಿಯ ಊಟ ಎಂಟು ಗಂಟೆಗೆಂದು ನಿಗದಿಯಾಗಿತ್ತು. ರೊಟ್ಟಿ ಇನ್ನೂ ಒಂದೂ ಬೆಂದಿರಲಿಲ್ಲ.

ಅಳಿಯ ಅರುಣಕುಮಾರನಿಗೆ ಕೊಟ್ಟೂರಿನಲ್ಲಿ ಕೋಳಿ ಆಹಾರದ ಅಂಗಡಿ. ಮೆಕ್ಕೆಜೋಳದ ಚೀಲಕ್ಕೆ ಕೈಹಾಕಿ ಎಷ್ಟು ಒಣಗಿದೆ ಎಂದು ಹೇಳಬಲ್ಲವನು. ಅಂಥವನ ತಟ್ಟೆಗೆ ಮರುಳಪ್ಪನ ಸೊಸೆ ಅರ್ಚನಾ ಮೆಕ್ಕೆಜೋಳದ ರೊಟ್ಟಿಯನ್ನೇ ಹಾಕಲು ಹೊರಟಿದ್ದಳು. ಮೆಕ್ಸಿಕೋದಲ್ಲಿ ಮನೆಮನೆಯ ಊಟ ಅದೇ ಎಂದು ಫೋನಿನಲ್ಲಿ ನೋಡಿದ್ದಳು. ಇಪ್ಪತ್ತೆರಡು ವರ್ಷ ಅದೇ ಬೆಳೆ ಬೆಳೆದು, ಹಸಿ ತೆನೆ ಸುಟ್ಟು ತಿಂದದ್ದು ಬಿಟ್ಟರೆ ಮಿಕ್ಕದ್ದನ್ನೆಲ್ಲ ಲಾರಿಗೆ ಹಾಕಿದ್ದ ಮರುಳಪ್ಪ, ಮಾಡು ನೋಡೋಣ ಎಂದುಬಿಟ್ಟಿದ್ದ.

ಅವನ ಹೆಂಡತಿ ಕಲ್ಯಾಣಮ್ಮನಿಗೆ ಮಾತ್ರ ಬೆಳಗಿನಿಂದ ಜೀವ ಕೈಯಲ್ಲಿತ್ತು.

"ಮೊದಲ್ನೇ ಹಬ್ಬಕ್ಕ ಬಂದ ಅಳಿಯಗ ಕೋಳಿ ತಿನ್ನೋದು ಹಾಕಿದ್ರು ಅಂತ ಕೊಟ್ಟೂರಾಗ ಆಡಿಕೊಂಡ್ರೆ, ಆ ಮನ್ಯಾಗ ಬಾಳೋಕಿ ನನ್ ಮಗಳು. ನೀನಲ್ಲ," ಎಂದಿದ್ದಳು ಸೊಸೆಗೆ.

ಅರ್ಚನಾ ಎದುರಾಡಿರಲಿಲ್ಲ. ರೊಟ್ಟಿ ಮುರಿದರೆ ಜೋಳದ್ದೇ ಮಾಡೋಣ ಎಂದಿದ್ದಳು. ಕಲ್ಯಾಣಮ್ಮ ಆಗಲೇ ಜೋಳದ ಹಿಟ್ಟು ಜರಡಿ ಹಿಡಿದು ಇಟ್ಟಿದ್ದಳು. ಮೆಕ್ಕೆಜೋಳದ ಗುಣ ಅವಳಿಗೆ ಗೊತ್ತಿತ್ತು. ಒಮ್ಮೆ ಬೀಸಿಸಿ, ಕುದಿನೀರಲ್ಲಿ ಕಲಸಿ ನೋಡಿದ್ದಳು. ಹಂಚು ಮುಟ್ಟುವ ಮೊದಲೇ ನಾಲ್ಕು ಚೂರಾಗಿತ್ತು.

ಅರ್ಚನಾ ಕಾಳನ್ನು ಬೀಸಿಸಿರಲಿಲ್ಲ. ಹಿಂದಿನ ಸಂಜೆ ಮಾವನ ಎಲೆಯಡಿಕೆ ಡಬ್ಬಿಯಿಂದ ಎರಡು ಚಮಚ ಸುಣ್ಣ ತೆಗೆದು, ನೀರಿಗೆ ಕದಡಿ, ಅದರಲ್ಲಿ ಕಾಳು ಕುದಿಸಿ ರಾತ್ರಿಯೆಲ್ಲ ನೆನೆಯಲು ಬಿಟ್ಟಿದ್ದಳು. ಈಗ ಪಾತ್ರೆಯನ್ನು ಅತ್ತೆಯ ಮುಂದೆ ತಂದಿಟ್ಟಳು. ಕಲ್ಯಾಣಮ್ಮ ಒಂದು ಕಾಳನ್ನು ಬೆರಳಲ್ಲಿ ಹೊಸಕಿದಳು. ಸಿಪ್ಪೆ ಜಾರಿಕೊಂಡು ಬಂತು. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ನೀರು ಚಿಮುಕಿಸಿದಂಥ ವಾಸನೆ.

ಮೂರು ನೀರಲ್ಲಿ ತೊಳೆದು ಗ್ರೈಂಡರಿನಲ್ಲಿ ರುಬ್ಬಿದರು. ಫೋನಿನಲ್ಲಿ ಕಂಡಂತೆ ಅರ್ಚನಾ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ತಟ್ಟೆಯಿಂದ ಒತ್ತಿದಳು. ಅಂಚು ಹರಿಯಿತು. ಎರಡನೆಯದೂ ಹರಿಯಿತು. ಬಾಗಿಲಲ್ಲಿ ನಿಂತಿದ್ದ ಕಲ್ಯಾಣಮ್ಮನ ಮಗಳು ಅಮೃತಾ, ಜೋಳದ ಹಿಟ್ಟು ತರಲೇ ಎಂದು ಮೆಲ್ಲಗೆ ಕೇಳಿದಳು.

ಕಲ್ಯಾಣಮ್ಮ ಹಿಟ್ಟನ್ನು ಕೈಗೆ ತೆಗೆದುಕೊಂಡು ಹಿಸುಕಿದಳು. ಬಿರಿಯಲಿಲ್ಲ, ಬೆರಳಿಗೆ ಹಿಡಿದುಕೊಂಡಿತು; ಸುಣ್ಣ ಅದಕ್ಕೆ ಅಂಟು ಕೊಟ್ಟಿತ್ತು.

"ನೀರು ಕಮ್ಮಿ ಆಗೈತಿ ಇದಕ್ಕ. ತಗಿ ಆ ಪ್ಲಾಸ್ಟಿಕ್ಕು."

ಕೈ ಒದ್ದೆ ಮಾಡಿ ನಾದಿದಳು, ಹಲಗೆಯ ಮೇಲಿಟ್ಟು ಬಡಿದಳು. ಅಂಗೈಯಷ್ಟಿದ್ದದ್ದು ತಟ್ಟೆಯಷ್ಟಾಯಿತು. ಎಲ್ಲೂ ಸೀಳಲಿಲ್ಲ. ಹಂಚಿನ ಮೇಲೆ ಎರಡನೆಯ ಸಲ ಮಗುಚಿದಾಗ ನಡುವೆ ಉಸಿರು ತುಂಬಿದಂತೆ ಉಬ್ಬಿ ನಿಂತಿತು. ಕಲ್ಯಾಣಮ್ಮ ನೋಡುತ್ತ ಕೂತಳು. ನೀರು, ಬೆಂಕಿ, ಎಲೆಗೆ ಹಚ್ಚುವ ಸುಣ್ಣ. ಮೂರೂ ಮೊದಲಿನಿಂದ ಈ ಮನೆಯಲ್ಲೇ ಇದ್ದವು. ಕಂಡರಿಯದ ದೇಶದಲ್ಲಿ, ಯಾವ ಕಾಲದಲ್ಲೋ, ಯಾರೋ ಅವನ್ನು ಕೂಡಿಸಿ ನೋಡಿದ್ದರು.

ಎಂಟಕ್ಕೆ ಸಾಲಾಗಿ ಕೂತರು. ಅಲಸಂದೆ ಕಾಳಿನ ಪಲ್ಯ, ಹೆಚ್ಚಿದ ಟೊಮೆಟೊ, ಈರುಳ್ಳಿ, ಕೊತ್ತಂಬರಿ. ಅದನ್ನೆಲ್ಲ ರೊಟ್ಟಿಯೊಳಗೆ ಮಡಚಿ ತಿನ್ನಬೇಕೆಂದು ಅರ್ಚನಾ ತೋರಿಸಿದಳು. ಅರುಣಕುಮಾರ ಎರಡು ತಿಂದ. ಮೂರನೆಯದನ್ನು ಮುರಿದು ಮೂಗಿನ ಹತ್ತಿರ ಹಿಡಿದ. ಬಡಿಸುತ್ತಿದ್ದ ಕಲ್ಯಾಣಮ್ಮನ ಕೈ ನಿಂತಿತು.

"ಮೆಕ್ಕೆಜೋಳ ಅಲ್ಲೇನ್ರಿ ಅತ್ತಿ, ಇದು?"

"ಹೌದ್ರಿ," ಎಂದಳು. "ನಮ್ ಹೊಲದ್ದ."

ಅವನು ಚೂರನ್ನು ತಿರುಗಿಸಿ ನೋಡಿದ. "ದಿನಾ ನೂರು ಚೀಲಕ್ಕ ಕೈ ಹಾಕ್ತೀನ್ರಿ. ಅದರಾಗ ಇದು ಇತ್ತೇನು?"

"ಕೋಳಿಗೆ ಗೊತ್ತಿತ್ತು, ನಮಗಿರಲಿಲ್ಲ," ಎಂದ ಮರುಳಪ್ಪ.

ಅಳಿಯ ನಕ್ಕು, ಇನ್ನೊಂದು ರೊಟ್ಟಿಗೆ ತಟ್ಟೆಯನ್ನು ಮುಂದಕ್ಕೆ ಸರಿಸಿದ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮಗಳು, ಅಳಿಯ ಕೊಟ್ಟೂರಿಗೆ ಹೊರಟರು. ಕಲ್ಯಾಣಮ್ಮ ಮಗಳ ಉಡಿ ತುಂಬಿ, ಚೀಲದಲ್ಲಿ ಐದು ಸೇರು ಮೆಕ್ಕೆಜೋಳ ಮತ್ತು ಒಂದು ಡಬ್ಬಿ ಸುಣ್ಣ ಇಟ್ಟು ಕಳಿಸಿದಳು.