ಮೊದಲು ಗಂಟೆ, ಆಮೇಲೆ ಬಾಗಿಲು

ಚೆಕ್ ದೇಶದ ಒಸ್ತ್ರಾವ ನಗರದ ಒಂದು ಪುಟ್ಟ ಕಂಪನಿಯಲ್ಲಿ ಏಳು ಜನ ಸೇರಿ ಟ್ರಾಮ್ ಓಡಿಸುವ ಒಂದು ವಿಡಿಯೊ ಗೇಮ್ ಮಾಡಿದ್ದರು. ಆರು ಜನ ಆಟ ಕಟ್ಟುವವರು. ಏಳನೆಯವಳು ರಾದಾನಾ, ಬೈಸಿಕೊಳ್ಳುವವಳು. ಕಾಗದದ ಮೇಲೆ ಅವಳ ಕೆಲಸಕ್ಕೆ ಬೇರೆ ಹೆಸರಿತ್ತು. ಆದರೆ ಮೂವತ್ತು ಸಾವಿರ ಆಟಗಾರರು ಸೇರುವ ಅಂತರ್ಜಾಲದ ಹರಟೆಕಟ್ಟೆಯನ್ನು ನೋಡಿಕೊಳ್ಳುವುದೆಂದರೆ ಅಷ್ಟೇ. ಆಟದಲ್ಲಿ ಏನು ಕೆಟ್ಟರೂ ಮೊದಲು ಉಗಿಸಿಕೊಳ್ಳುವವಳು ಅವಳು. ಅದನ್ನು ಒಳಗೆ ಹೇಳಲು ಹೋದರೆ ಅಲ್ಲೂ ಉಗಿಸಿಕೊಳ್ಳುವವಳು ಅವಳೇ.

ನವೆಂಬರಿನ ಅಪ್‌ಡೇಟ್ ಬಂದ ಮೇಲೆ ಟ್ರಾಮಿನ ಬಾಗಿಲು ಮೊದಲು ಮುಚ್ಚಿ, ಎಚ್ಚರಿಕೆಯ ಗಂಟೆ ಆಮೇಲೆ ಬಡಿದುಕೊಳ್ಳತೊಡಗಿತು. 'ಎಂಟನೇ ಗಾಡಿ' ಎಂಬ ಹೆಸರಿನಲ್ಲಿ ಬರೆಯುವ ಆಟಗಾರನೊಬ್ಬ ಅದನ್ನು ಮೊದಲ ದಿನವೇ ಹಿಡಿದ. "ಮೊದಲು ಗಂಟೆ, ಆಮೇಲೆ ಬಾಗಿಲು. ಹೀಗೆ ಓಡಿಸಿದರೆ ಹತ್ತಲು ಬಂದವರ ಕೈ ಬಾಗಿಲಿಗೆ ಸಿಕ್ಕಿಕೊಳ್ಳುತ್ತೆ" ಎಂದು ಬರೆದ. "ಗಮನಕ್ಕೆ ತಂದದ್ದಕ್ಕೆ ಧನ್ಯವಾದ, ಪರಿಶೀಲಿಸುತ್ತಿದ್ದೇವೆ" ಎಂದು ರಾದಾನಾ ಉತ್ತರ ಕೊಟ್ಟಳು. ಮರುದಿನ ಅವನು ಅದನ್ನೇ ಇನ್ನೂ ಉದ್ದಕ್ಕೆ ಬರೆದ. ಅವಳೂ ಅದೇ ಸಾಲನ್ನು ಅಂಟಿಸಿದಳು. ಹೀಗೆ ಹದಿನೇಳು ದಿನ ನಡೆಯಿತು.

ಹಾಗೆಂದು ಅವಳೇನೂ ಕೈಕಟ್ಟಿ ಕೂತಿರಲಿಲ್ಲ. ಕೋಡ್ ಬರೆಯುವ ಹಿನೆಕ್‌ನ ಮೇಜಿಗೆ ನಾಲ್ಕು ಸಲ ಎಡತಾಕಿದ್ದಳು.

"ಹಿನೆಕ್, ಆ ಗಂಟೆ ವಿಷಯ..."

"ನಾನೀಗ ಆಟಕ್ಕೆ ಹಿಮ ಮಾಡ್ತಿದೀನಿ ಮಾರಾಯ್ತಿ. ಕ್ರಿಸ್‌ಮಸ್‌ಗೆ ಮುಂಚೆ ಹಿಮ ಬೀಳ್ಲೇಬೇಕು ಅಂತ ಬಾಸ್ ತಲೆ ತಿಂತಿದಾನೆ. ಗಂಟೆ ಯಾರಿಗೆ ಬೇಕು?"

"ಇನ್ನೂರು ಜನಕ್ಕೆ ಬೇಕಂತೆ. ಬೆಳಗ್ಗೆಯಿಂದ ನನ್ನ ಜನ್ಮ ಜಾಲಾಡ್ತಿದಾರೆ."

"ಪರಿಶೀಲಿಸ್ತಿದೀವಿ ಅನ್ನು" ಎಂದು ಹಿನೆಕ್ ಹೆಡ್‌ಫೋನ್ ಏರಿಸಿಕೊಂಡ.

ಅಷ್ಟರಲ್ಲಿ ಕಟ್ಟೆಯಲ್ಲಿ ಎಂಟನೇ ಗಾಡಿಯ ದೂರಿನ ಕೆಳಗೆ ಜಗಳ ಹತ್ತಿಕೊಂಡಿತ್ತು. ಒಂದು ಗುಂಪು ಗಂಟೆಯ ಪರ. ಇನ್ನೊಂದು "ಇದು ಆಟ ಕಣ್ರೋ, ಡ್ರೈವಿಂಗ್ ಸ್ಕೂಲಲ್ಲ" ಅನ್ನುವ ಗುಂಪು. ಮಾತು ಅವರವರ ಅಪ್ಪ ಅಮ್ಮನವರೆಗೂ ಹೋಯಿತು. ರಾದಾನಾ ಕೊಳಕು ಮಾತು ಅಳಿಸಿದರೆ "ಬಾಯಿ ಮುಚ್ಚಿಸ್ತಿದಾಳೆ" ಅಂದರು, ಬಿಟ್ಟರೆ "ನಿದ್ದೆ ಮಾಡ್ತಿದಾಳಾ?" ಅಂದರು. ಮಾಲೀಕ ಲೆಯೋಶ್ ಅವಳ ಬೆನ್ನ ಹಿಂದೆ ನಿಂತು ಇದನ್ನೆಲ್ಲ ಓದಿದ.

"ಈ ಎಂಟನೇ ಗಾಡೀನೇ ಎಲ್ಲಕ್ಕೂ ಮೂಲ. ಬ್ಯಾನ್ ಮಾಡಿ ಬಿಸಾಕು."

"ಒಂದು ಕೆಟ್ಟ ಮಾತೂ ಆಡಿಲ್ಲ ಆ ಮನುಷ್ಯ."

"ಮಾಡು ಅಂದ್ರೆ ಮಾಡು."

ಮಾಡಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಒಂಬೈನೂರು ಜನ ಕಟ್ಟೆಯಲ್ಲಿ ತಮ್ಮ ಹೆಸರಿನ ಪಕ್ಕದ ಚಿತ್ರ ತೆಗೆದುಹಾಕಿ ಅಲ್ಲಿ ಎಂಟರ ಅಂಕಿ ಹಾಕಿಕೊಂಡಿದ್ದರು. ಸಂಜೆಗೆ ಆಟಕ್ಕೆ ಒಂದೇ ನಕ್ಷತ್ರ ಕೊಡುವವರ ಸಾಲು ಹತ್ತಿತು. ಮರುದಿನ ಎಲ್ಲರೂ ಕೂತಿದ್ದ ಸಭೆಯಲ್ಲಿ ಲೆಯೋಶ್ ಅವಳ ಕಡೆ ತಿರುಗಿ, "ಸಭ್ಯವಾಗಿ ಬರೆಯೋ ಆಟಗಾರನ್ನ ಯಾಕಮ್ಮ ಬ್ಯಾನ್ ಮಾಡಿದೆ? ಸ್ವಲ್ಪ ತಾಳ್ಮೆ ಬೇಡ್ವಾ?" ಎಂದ. ಹಿನೆಕ್ ತನ್ನ ಬೂಟಿನ ದಾರ ನೋಡುತ್ತ ಕೂತಿದ್ದ. ರಾದಾನಾ ಎದ್ದು ಹೋದಳು.

ಎರಡು ದಿನದ ಮೇಲೆ ಅಂಚೆಯಲ್ಲಿ ಒಂದು ಕೈಬರಹದ ಕಾಗದ ಬಂತು. "ಮೂವತ್ತೊಂದು ವರ್ಷ ಎಂಟನೇ ನಂಬರಿನ ಟ್ರಾಮ್ ಓಡಿಸಿ ನಿವೃತ್ತನಾದವನು ನಾನು. ನನ್ನನ್ನು ಯಾಕೆ ಹೊರಗೆ ಹಾಕಿದಿರೆಂದು ತಿಳಿಸಬೇಕಾಗಿ ವಿನಂತಿ. ಆಲೋಯಿಸ್ ಕಲೂಜಾ." ಕೆಳಗೆ ವಿಳಾಸವಿತ್ತು, ಆಫೀಸಿನಿಂದ ನಾಲ್ಕೇ ಟ್ರಾಮ್ ನಿಲ್ದಾಣ. ರಾದಾನಾ ಯಾರಿಗೂ ಹೇಳದೆ ಕೋಟು ಹಾಕಿಕೊಂಡು ಹೊರಟಳು.

ಬಾಗಿಲು ತೆಗೆದದ್ದು ಕಲೂಜಾರ ಹೆಂಡತಿ ದ್ರಹುಶೆ. ಬಂದವಳು ಯಾರೆಂದು ತಿಳಿಯುತ್ತಲೇ ಆಕೆ ಅವಳ ಎರಡೂ ಕೈ ಹಿಡಿದುಕೊಂಡರು.

"ಬಾರಮ್ಮ, ಬಾ! ನಿನಗೆ ಪುಣ್ಯ ಬರುತ್ತೆ, ಇವ್ರನ್ನ ವಾಪಸ್ ಸೇರಿಸ್ಕೊಂಡುಬಿಡು. ಮೂರು ದಿನದಿಂದ ನನ್ನ ಅಡುಗೆಮನೇಲೇ ಠಿಕಾಣಿ. ಕ್ನೆಡ್ಲಿಕ್ ಕಡುಬನ್ನ ಚಾಕೂಲಿ ಕೊಯ್ಯಬಾರದಂತೆ, ದಾರದಲ್ಲೇ ಕೊಯ್ಯಬೇಕಂತೆ. ನಲವತ್ತು ವರ್ಷದಿಂದ ಕೊಯ್ದವಳಿಗೆ ಪಾಠ!"

ಕಲೂಜಾ ಗಾಜಿನ ಲೋಟದಲ್ಲಿ ಸೋಸದ, ಗಸಿ ಕೂತ ಕಾಫಿ ತಂದಿಟ್ಟು, ಅವಳನ್ನು ದಿಟ್ಟಿಸಿದರು.

"ನೀವು ಮನುಷ್ಯರೇನಾ? ದಿನಾ ಅದೇ ಸಾಲು ಬರ್ತಿತ್ತಲ್ಲ, ಯಂತ್ರ ಅಂದ್ಕೊಂಡಿದ್ದೆ. ಯಂತ್ರಕ್ಕೆ ತಾನೆ ಅಂತ ಸ್ವಲ್ಪ ಒರಟಾಗೇ ಬರೆದೆ. ತಪ್ಪು ತಿಳ್ಕೋಬೇಡಿ."

ಬೈಗುಳವೆಲ್ಲ ರಾದಾನಾಗೆ ಒಗ್ಗಿಹೋಗಿತ್ತು. ಯಂತ್ರ ಅನ್ನಿಸಿಕೊಂಡದ್ದು ಮಾತ್ರ ಇದೇ ಮೊದಲು. ಕಲೂಜಾ ಚಮಚದಿಂದ ಲೋಟಕ್ಕೆ ಟಿಣ್ ಟಿಣ್ ಎಂದು ತಟ್ಟಿ, ಎರಡು ಎಣಿಸಿ, ಆಮೇಲೆ ಎರಡೂ ಅಂಗೈ ಜೋಡಿಸಿ ಬಾಗಿಲು ಮುಚ್ಚುವುದನ್ನು ತೋರಿಸಿದರು.

"ಆ ಎರಡು ಎಣಿಸೋದ್ರಲ್ಲಿ ಜನ ಕೈ ಹಿಂದಕ್ಕೆ ತಗೋತಾರೆ. ಇಷ್ಟೇನಮ್ಮ ನಾನು ಹೇಳಿದ್ದು."

ಆಫೀಸಿಗೆ ಬಂದವಳು ಸೀದಾ ಹೋಗಿ ಹಿನೆಕ್‌ನ ಹೆಡ್‌ಫೋನ್ ಕಿತ್ತಳು. ಪಕ್ಕದ ಕುರ್ಚಿ ಎಳೆದು ಕೂತಳು.

"ಗಂಟೆ ಸರಿ ಮಾಡೋವರೆಗೂ ಏಳಲ್ಲ. ನಿನ್ನ ಹಿಮ ಆಮೇಲೆ ಬೀಳ್ಲಿ."

ಹನ್ನೊಂದು ನಿಮಿಷ ಹಿಡಿಯಿತು. ಅದನ್ನು ನೋಡಿ ಅವಳಿಗೆ ಅಳಬೇಕೋ ಅವನ ಜುಟ್ಟು ಹಿಡಿಯಬೇಕೋ ತಿಳಿಯಲಿಲ್ಲ. ಲೆಯೋಶ್‌ನನ್ನು ಕೇಳದೆಯೇ ಕಟ್ಟೆಯಲ್ಲಿ ಬರೆದಳು: "ಗಂಟೆ ಸರಿಯಾಗಿದೆ. ಎಂಟನೇ ಗಾಡಿ ಹೇಳಿದ್ದೇ ಸರಿ. ಅವರನ್ನು ಹೊರಹಾಕಿದ್ದು ತಪ್ಪು. ಅವರು ಮರಳಿ ಬಂದಿದ್ದಾರೆ. ರಾದಾನಾ."

ಬೆಳಗ್ಗೆ ಬಂದು ನೋಡಿದರೆ ಮೊದಲ ಉತ್ತರ: "ಹಳೇ ಶಬ್ದಾನೇ ಚೆನ್ನಾಗಿತ್ತು, ವಾಪಸ್ ಕೊಡಿ." ಎರಡನೆಯದು: "ಇಷ್ಟಕ್ಕೆ ಇಷ್ಟು ದಿನ ಬೇಕಿತ್ತಾ, ಸೋಮಾರಿಗಳಾ?" ಮೂರನೆಯದು ಎಂಟನೇ ಗಾಡಿಯದು: ಒಂದು ಸಾಲು ಕೃತಜ್ಞತೆ, ಅದರ ಕೆಳಗೆ ಹಿಂಬದಿ ಕನ್ನಡಿಯ ಬಗ್ಗೆ ಹತ್ತೊಂಬತ್ತು ಆಕ್ಷೇಪಣೆ.

ರಾದಾನಾ ಆ ಪಟ್ಟಿಯನ್ನು ಕಾಗದದಲ್ಲಿ ಮುದ್ರಿಸಿಕೊಂಡು ಲೆಯೋಶ್‌ನ ಕೋಣೆಗೆ ಹೋಗಿ ಅವನ ಮೇಜಿನ ಮೇಲಿಟ್ಟಳು.

"ಇನ್ನು ನಾನೊಬ್ಬಳೇ ಉತ್ತರ ಕೊಡಲ್ಲ. ದಿನಕ್ಕೆ ಒಂದು ಗಂಟೆ ಹಿನೆಕ್ ಕಟ್ಟೇಲಿ ಕೂತ್ಕೊಳ್ಲಿ. ಇಲ್ಲಾಂದ್ರೆ ಬ್ಯಾನ್ ಮಾಡು ಅಂದಿದ್ದು ಯಾರು ಅಂತ ಅಲ್ಲೇ ಬರೀತೀನಿ."

ಲೆಯೋಶ್ ಅವಳ ಮುಖ ನೋಡಿದ, ಕಾಗದ ನೋಡಿದ.

"ಅರ್ಧ ಗಂಟೆ."

"ಆಯ್ತು."

ಗುರುವಾರ ಹತ್ತು ಗಂಟೆಗೆ ಹಿನೆಕ್ ತನ್ನ ಮೊದಲ ಉತ್ತರ ಬರೆದ. ಏಳೇ ನಿಮಿಷಕ್ಕೆ ಕೆಂಪು ಮುಖ ಹೊತ್ತು ರಾದಾನಾಳ ಮೇಜಿಗೆ ಬಂದ.

"ನನ್ನ ಅಜ್ಜೀನೂ ಬಿಟ್ಟಿಲ್ಲ ಕಣೇ. ದಿನಾ ಹೀಗೇನಾ ಇವ್ರು?"

"ಇಲ್ಲಪ್ಪ" ಎಂದಳು ರಾದಾನಾ, ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತ. "ಇವತ್ತು ಸ್ವಲ್ಪ ಮೆತ್ತಗಿದಾರೆ."